ಹುಂಜದ ತತ್ತಿಯ ಬಣ್ಣ: ಒಂಬತ್ತನೇ ತಿಂಗಳ ಲೆಕ್ಕ

ಕಳೆದ ನವೆಂಬರ್‌ನಲ್ಲಿ ನಮ್ಮ ಕೋಳಿ ಕೆಂಚಿಗೆ ಗಾಢ ಬಣ್ಣದ ತತ್ತಿಯ ವಂಶದ ಹುಂಜ ಹುಡುಕುತ್ತಿದ್ದಾಗ ಅವ್ವ ಕೇಳಿದ್ದಳು: "ಹುಂಜ ತತ್ತಿ ಇಡ್ತದೇನು? ಅದರ ತತ್ತಿ ಬಣ್ಣ ನಿನಗ ಹ್ಯಾಂಗ ತಿಳೀತದ?" ಆಗ ಉತ್ತರ ಹೊಳೆಯಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ.

ಮರಿಗಳಲ್ಲಿ ನನಗೆ ಬೇಕಿರುವುದು ಎರಡು ಗುಣ. ಒಂದು, ಗಾಢ ಕಂದು ತತ್ತಿ. ಇನ್ನೊಂದು, ಶಹಾಬಾದ್ ಬಿಸಿಲು ತಡೆಯುವ ಬೋಳು ಕುತ್ತಿಗೆ. ಕೆಂಚಿ ಮೈತುಂಬ ಪುಕ್ಕದ ಜವಾರಿ ಕೋಳಿ, ನಮ್ಮ ಓಣಿಯಲ್ಲೇ ಅವಳ ತತ್ತಿ ಎಲ್ಲಕ್ಕಿಂತ ಗಾಢ. ಜೇವರ್ಗಿ ಕಡೆಯಿಂದ ತಂದ ಹುಂಜದ ಕುತ್ತಿಗೆ ಬೋಳು, ಆದರೆ ಕೆಳಗೆ ಎದೆ ಹತ್ತಿರ ಒಂದು ಪುಕ್ಕದ ಗುಚ್ಛ. ಆ ಗುಚ್ಛ ಇದ್ದರೆ ಬೋಳು ಕುತ್ತಿಗೆಯ ಜೀನ್ ತಾಯಿ ಇಲ್ಲವೇ ತಂದೆ, ಒಂದೇ ಕಡೆಯಿಂದ ಬಂದಿದೆ ಎಂದರ್ಥ. ಅಂದರೆ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಬೋಳು ಕುತ್ತಿಗೆ ಬರಬೇಕು.

ಕೆಂಚಿ 14 ತತ್ತಿ ಇಟ್ಟು ತಾನೇ ಕಾವಿಗೆ ಕೂತಳು. 21ನೇ ದಿನ 11 ಮರಿ. 6 ಬೋಳು ಕುತ್ತಿಗೆ, 5 ಪುಕ್ಕದವು. ಪುಕ್ಕದ ಮರಿ ಒಂದನ್ನು ಬೆಕ್ಕು ಒಯ್ದಿತು. ಉಳಿದ ಹತ್ತರಲ್ಲಿ 5 ಹೆಣ್ಣು.

ಮೇ ತಿಂಗಳಲ್ಲಿ ಪುಕ್ಕದ ಫರಕು ಕಣ್ಣಿಗೇ ಕಂಡಿತು. ಬಿಸಿಲು 42 ಡಿಗ್ರಿ ದಾಟಿದ ದಿನ ಅಂಗಳದ ಪರಸಿ ಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಎಲ್ಲವೂ ಬೇವಿನ ಮರದ ಕೆಳಗೆ ರೆಕ್ಕೆ ಬಿಚ್ಚಿ, ಬಾಯಿ ತೆರೆದು ನಿಂತಿದ್ದವು. ಸಂಜೆ ಬೋಳು ಕುತ್ತಿಗೆಯವು ಮೊದಲು ಹೊರಬಂದು ಕೆದರಲು ಶುರು ಮಾಡಿದವು. ಕೋಳಿಗೆ ಬೆವರು ಬರುವುದಿಲ್ಲ, ಪುಕ್ಕವಿಲ್ಲದ ಚರ್ಮ ಅದಕ್ಕೆ ಮೈಬಿಸಿ ಹೊರಹೋಗುವ ಕಿಟಕಿ ಇದ್ದ ಹಾಗೆ.

ಏಪ್ರಿಲ್‌ನಲ್ಲಿ ಒಂದು ತಪ್ಪಾಯಿತು, ಅದನ್ನೂ ಬರೆದಿಡುತ್ತೇನೆ. ಎರಡನೇ ಸಲ ಕಾವಿಗಿಡಲು 12 ತತ್ತಿಗಳನ್ನು ಸುಮ್ನೆ ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೆ. ಆ ಸೆಕೆಗೆ ಕೋಳಿ ಕೂರುವ ಮೊದಲೇ ಒಳಗೆ ಮರಿ ಅರ್ಧಂಬರ್ಧ ಬೆಳೆಯಲು ಶುರುವಾಗಿ ಸತ್ತಿರಬೇಕು. ಹೊರಬಂದದ್ದು ಮೂರೇ. ತುಂಬಾ ಬೇಜಾರಾಯಿತು. ಈಗ ಹಸಿ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಕೂಡಿಡುತ್ತೇನೆ. ಒಂದು ವಾರಕ್ಕಿಂತ ಜಾಸ್ತಿ ಇಡುವುದಿಲ್ಲ.

ಜೂನ್ ಕೊನೆಗೆ ಮೊದಲ ಹೆಣ್ಣು ತತ್ತಿ ಇಟ್ಟಿತು. ಯಾವುದು ಯಾರದು ಎಂದು ತಿಳಿಯಲು ಅವ್ವನ ದಾರಿಯೇ ಸರಿ ಅನ್ನಿಸಿತು. ಬೆಳಿಗ್ಗೆ ಒಂದೊಂದನ್ನೇ ಹಿಡಿದು ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಾಳೆ. ತತ್ತಿ ತಾಗಿದರೆ ಆ ಕೋಳಿಯನ್ನು ಬುಟ್ಟಿ ಕೆಳಗೆ ಮುಚ್ಚುತ್ತಾಳೆ. ನಾನು ಹತ್ತಿರವೇ ಕೂತಿರುತ್ತೇನೆ. ಒಂದು ದಿನ ಆಗತಾನೆ ಇಟ್ಟ ತತ್ತಿ ಎತ್ತಿಕೊಂಡೆ. ಇನ್ನೂ ಒದ್ದೆ, ಬೆಚ್ಚಗೆ. ಹೆಬ್ಬೆರಳಿಂದ ಉಜ್ಜಿದರೆ ಕಂದು ಬಣ್ಣ ಜಾರಿ ತಿಳಿ ಗೆರೆ ಮೂಡಿತು. ಕಂದು ಬಣ್ಣ ಕೊನೆಯ ಕೆಲವು ಗಂಟೆಗಳಲ್ಲಿ ಚಿಪ್ಪಿನ ಮೇಲೆ ಬಳಿದದ್ದು, ಒಳಗೆ ಚಿಪ್ಪು ಬಿಳಿಯೇ. ಚಿಲಿ ದೇಶದ ಅರೌಕಾನಾ ಕೋಳಿಯ ನೀಲಿ ತತ್ತಿ ಹಾಗಲ್ಲ, ಅದರ ಬಣ್ಣ ಚಿಪ್ಪಿನ ಒಳಗಿನವರೆಗೂ ಇರುತ್ತದೆ.

ಬಣ್ಣದ ಅಂಗಡಿಯ ಶೇಡ್ ಕಾರ್ಡ್‌ನಿಂದ ಆರು ಕಂದು ಚೌಕ ಕತ್ತರಿಸಿ 1ರಿಂದ 6 ನಂಬರ್ ಕೊಟ್ಟಿದ್ದೇನೆ, 1 ಎಲ್ಲಕ್ಕಿಂತ ತಿಳಿ, 6 ಎಲ್ಲಕ್ಕಿಂತ ಗಾಢ. ಬಾಗಿಲ ನೆರಳಿನಲ್ಲಿ, ಒಂದೇ ಜಾಗದಲ್ಲಿ ಹಿಡಿದು ನೋಡುತ್ತೇನೆ. ಬಿಸಿಲು, ಗಾಬರಿ, ವಯಸ್ಸು ಎಲ್ಲವೂ ಬಣ್ಣ ಪೇಲವ ಮಾಡುತ್ತವೆ. ಅದಕ್ಕೇ ಪ್ರತಿಯೊಂದರ ಮೊದಲ ಹತ್ತು ತತ್ತಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆ.

ಕೆಂಚಿಯದು 5. ಮಕ್ಕಳದು 2, 2, 2, 3, 4.

ಅವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹುಂಜದ ತತ್ತಿಯ ಬಣ್ಣ ಅದರ ಹೆಣ್ಣುಮಕ್ಕಳಲ್ಲಿ ಕಾಣುತ್ತದೆ. ತಾಯಿ ಇಷ್ಟು ಗಾಢ ಇದ್ದೂ ಮೂರು ಮಕ್ಕಳು 2ಕ್ಕೆ ಇಳಿದಿವೆ ಅಂದರೆ, ಈ ಹುಂಜದ ತಾಯಿ ತಿಳಿ ಬಣ್ಣದ ತತ್ತಿಯವಳೇ ಇರಬೇಕು. ನೋಡಲು ಬಲು ಚೆಂದ ಇದ್ದಾನೆ. ಆದರೂ ಮುಂದಿನ ಜೋಡಿಗೆ ಇವನು ಬೇಡ.

ನಂಬರ್ 4ರ ಹೆಣ್ಣಿಗೆ ಕುತ್ತಿಗೆ ತುಂಬ ಪುಕ್ಕ. ನಂಬರ್ 3ರವಳಿಗೆ ಬೋಳು ಕುತ್ತಿಗೆ. ಎರಡು ದಿನ ಯೋಚಿಸಿ 4ನ್ನೇ ಇಟ್ಟುಕೊಂಡೆ. ಬೋಳು ಕುತ್ತಿಗೆ ಒಂದೇ ಜೀನ್, ಮರಿ ಹೊರಬಂದ ದಿನವೇ ಕಾಣುತ್ತದೆ, ಯಾವಾಗ ಬೇಕಾದರೂ ತರಬಹುದು. ಕಂದು ಬಣ್ಣಕ್ಕೆ ಹಲವು ಜೀನ್‌ಗಳು ಕೂಡಬೇಕು. ಕಳೆದುಕೊಂಡರೆ ಮತ್ತೆ ಕೂಡಿಸಲು ವರ್ಷಗಳೇ ಬೇಕು, ಅಲ್ವಾ?

ಈ ಸಲ ಹುಂಜ ಕೊಳ್ಳಲಿಲ್ಲ, ತತ್ತಿ ಕೊಂಡೆ. ಹೀಗಾದರೆ ತಾಯಿಯ ತತ್ತಿ ಬಣ್ಣ ಮೊದಲೇ ಗೊತ್ತಿರುವ ಹುಂಜ ಸಿಗುತ್ತದೆ. ಚಿತ್ತಾಪುರ ಕಡೆಯ ಒಂದು ಮನೆಯಲ್ಲಿ ಬೋಳು ಕುತ್ತಿಗೆಯ ಕೋಳಿಯೊಂದು ಕಾರ್ಡ್‌ನ 6ಕ್ಕೆ ಸರಿಯಾಗಿ ಕೂರುವಂಥ ತತ್ತಿ ಇಡುತ್ತದೆ. ಒಂಬತ್ತು ತಂದು ಒಂದು ದಿನ ಗಡಿಗೆಯಲ್ಲಿಟ್ಟೆ. ನಿನ್ನೆ ಸಂಜೆ ಕೆಂಚಿ ಅವುಗಳ ಮೇಲೆ ಕೂತಿದ್ದಾಳೆ. ಏಳನೇ ರಾತ್ರಿ ಟಾರ್ಚ್ ಹಿಡಿದು, ತತ್ತಿಯೊಳಗೆ ಮರಿ ಬೆಳೆಯುತ್ತಿದೆಯೇ ಎಂದು ನೋಡಬೇಕು.