ಗಾಣದ ಶಾಫ್ಟು ಮುರಿದಾಗ

ಆಲೆಮನೆಯಲ್ಲಿ ಗಾಣ ನಿಂತರೆ ಎಲ್ಲವೂ ನಿಂತ ಹಾಗೆ. ಕಡಿದ ಕಬ್ಬು ಬಿದ್ದಲ್ಲೇ ಒಣಗಿದಷ್ಟೂ ಬೆಲ್ಲ ಕಡಿಮೆಯಾಗುತ್ತದೆ, ಬಣ್ಣವೂ ಕೆಡುತ್ತದೆ. ಹಾಗಾಗಿ ಮಂಡ್ಯದ ಹತ್ತಿರ ನಮ್ಮ ಮಾವನ ಗಾಣದಲ್ಲಿ ಮೇಲಿನ ರೋಲರ್ ಶಾಫ್ಟ್ ಗೇರಿನ ಪಕ್ಕದಲ್ಲೇ ತುಂಡಾದಾಗ ಅವರು ಮೊದಲು ಹುಡುಕಿದ್ದು ಬೈಯೋಕೆ ಒಬ್ಬರನ್ನು. ಸಿಕ್ಕಿದ್ದು ಗಾಣಕ್ಕೆ ಕಬ್ಬು ಕೊಡುವ ಹುಡುಗ.

"ಒಂದೇ ಸಲಕ್ಕೆ ಕಂತೆಗಟ್ಲೆ ತುರುಕವ್ನೆ, ಇನ್ನೇನಾಯ್ತದೆ? ಮೆಕಾನಿಕಲ್ ಓದಿದ್ದೀಯಲ್ಲ ಅಳಿಯ, ನೀನೇ ನೋಡ್ಲಾ" ಅಂದರು.

ಶಾಫ್ಟಿನ ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ಒರೆಸಿ ನೋಡಿದೆ. ಮುಕ್ಕಾಲು ಭಾಗ ನುಣ್ಣಗಿತ್ತು. ಅದರ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಅಂಚಿನ ಹತ್ತಿರ ಎಣ್ಣೆ, ಕಬ್ಬಿನ ಹಾಲು ಹೋಗಿ ಕಪ್ಪಾಗಿತ್ತು. ಉಳಿದ ಸ್ವಲ್ಪ ಜಾಗ ಮಾತ್ರ ಹರಳು ಹರಳಾಗಿ ಹೊಳೆಯುತ್ತಿತ್ತು. ಅಷ್ಟು ಮಾತ್ರ ಅವತ್ತು ಮುರಿದದ್ದು. ಮಿಕ್ಕಿದ್ದೆಲ್ಲ ಹಳೇ ಬಿರುಕು. ಒಂದೇ ಏಟಿಗೆ ಹೊರೆ ಜಾಸ್ತಿಯಾಗಿ ಮುರಿದಿದ್ದರೆ ಮುಖ ಪೂರ್ತಿ ಒರಟಾಗಿರಬೇಕಿತ್ತು. ಹುಡುಗನದೇನೂ ತಪ್ಪಿಲ್ಲ ಮಾವ ಅಂದೆ. ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ, ಆದರೆ ಬೈಗುಳ ನಿಂತಿತು.

ರೋಲರಿಗೆ ಕಬ್ಬು ಸಿಕ್ಕಾಗ ಶಾಫ್ಟು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿಕೊಂಡೇ ತಿರುಗುತ್ತದೆ. ಅದರ ಮೈಮೇಲಿನ ಒಂದೇ ಬಿಂದು ಈಗ ಎಳೆತಕ್ಕೆ ಸಿಗುತ್ತದೆ, ಅರ್ಧ ಸುತ್ತು ಕಳೆದರೆ ಅದುಮುವಿಕೆಗೆ. ನಿಮಿಷಕ್ಕೆ ಹತ್ತೇ ಸುತ್ತು ಅಂದರೂ ಹತ್ತು ಗಂಟೆಗೆ 6,000 ಸಲ ಆಯಿತು. ಒಂದೆರಡು ಸೀಸನ್ ಕಳೆಯುವಷ್ಟರಲ್ಲಿ ಹತ್ತು ಲಕ್ಷ ದಾಟುತ್ತದೆ. ಒಂದು ಸಲದ ಹೊರೆಗೆ ಏನೂ ಆಗದ ಉಕ್ಕು, ಲಕ್ಷಗಟ್ಟಲೆ ಸಲದ ಹೊರೆಗೆ ಸೋಲುತ್ತದೆ. ಫಟೀಗ್ ಅನ್ನುವುದು ಇದಕ್ಕೇ.

ಬಿರುಕು ಶುರುವಾಗಿದ್ದು ಸ್ಟೆಪ್ಪಿನಲ್ಲಿ. 72 ಮಿ.ಮೀ. ಶಾಫ್ಟು, ಅದನ್ನು ಹಿಡಿದುಕೊಳ್ಳುವ ಬುಶ್ (ಲೋಹದ ಬಳೆ) ಕೂರುವ ಕಡೆ 60 ಮಿ.ಮೀ.ಗೆ ಇಳಿಯುತ್ತಿತ್ತು. ಇಳಿಯುವ ಮೂಲೆ ಚೂಪಾಗಿತ್ತು, ಅದರ ದುಂಡಗಿನ ತಿರುವು, ಅಂದರೆ ರೇಡಿಯಸ್, ಹೆಚ್ಚೆಂದರೆ 1 ಮಿ.ಮೀ.

ಮಾವ "ವೆಲ್ಡಿಂಗ್ ಹೊಡ್ಸಾಣ" ಅಂದರು. ಬೇಡ ಅಂದೆ. ಈ ಉಕ್ಕಿಗೆ ಸುಮ್ನೆ ಹಾಗೇ ವೆಲ್ಡ್ ಹಾಕಿದರೆ ಪಕ್ಕದ ಜಾಗ ಗಡುಸಾಗಿ ಅಲ್ಲೇ ಮತ್ತೆ ಬಿರಿಯುತ್ತದೆ. "ಹಂಗಾದ್ರೆ ದಪ್ಪಂದೇ ಹಾಕ್ಸು" ಅಂದರು. ತಪ್ಪೇನಿಲ್ಲ, 60 ಇದ್ದದ್ದನ್ನು 66 ಮಾಡಿದರೆ ಬಾಗುವ ಒತ್ತಡ ಕಾಲು ಭಾಗ ಇಳಿಯುತ್ತದೆ. ಆದರೆ ಬುಶ್ ಬದಲಿಸಬೇಕು, ಬುಶ್ ಕೂರುವ ಮನೆ ಕೊರೆಸಬೇಕು, ಗೇರಿನ ತೂತು ದೊಡ್ಡದಾಗಬೇಕು. ಅದೇ ಮೂಲೆಗೆ 1 ಬದಲು 4 ಮಿ.ಮೀ. ರೇಡಿಯಸ್ ಕೊಟ್ಟರೆ? ಎಂಜಿನಿಯರಿಂಗ್ ಪುಸ್ತಕದ ಚಾರ್ಟು ನೋಡಿದರೆ, ಮೂಲೆಯೇ ಇಲ್ಲದ ಶಾಫ್ಟಿಗೆ ಹೋಲಿಸಿದಾಗ 1 ಮಿ.ಮೀ.ಗೆ ಮೂಲೆಯ ಒತ್ತಡ ಸುಮಾರು 2.4 ಪಟ್ಟು, 4 ಮಿ.ಮೀ.ಗೆ 1.75 ಪಟ್ಟು. ಅಲ್ಲೂ ಒತ್ತಡ ಕಾಲು ಭಾಗ ಇಳಿಯಿತು, ಅಲ್ವಾ? ಖರ್ಚು ಮಾತ್ರ ಟೂಲ್ ಉಜ್ಜಿದಷ್ಟು.

ಲೇತ್ ಅಂಗಡಿಯ ಅಣ್ಣ ಒಪ್ಪಲಿಲ್ಲ. "ರೇಡಿಯಸ್ ಬಿಟ್ರೆ ಬುಶ್ಶು ಒತ್ಕೊಂಡು ಕೂರಲ್ಲ ಸಾರ್. ಮೂಲೆ ಕ್ಲೀನಾಗಿ ಹೊಡೆದ್ರೇನೇ ಕೆಲಸ." ಅವರ ಮಾತಿನಲ್ಲಿ ಹುರುಳಿತ್ತು. ಬುಶ್ಶಿನ ಅಂಚು ರೇಡಿಯಸ್ ಮೇಲೆ ಹತ್ತಿ ಕೂತರೆ ಬಿಸಿಯಾಗಿ ತಿಂದುಹೋಗುತ್ತದೆ. ಹಾಗಾಗಿ ಬುಶ್ಶಿನ ಒಳ ಅಂಚನ್ನು ರೇಡಿಯಸ್ಸಿಗಿಂತ ತುಸು ಜಾಸ್ತಿಯೇ ಚೇಂಫರ್ ಮಾಡಿ (ಓರೆಯಾಗಿ ಕತ್ತರಿಸಿ) ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಎರಡೂ ಒಂದಕ್ಕೊಂದು ತಾಗಬಾರದು. ಅಣ್ಣ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಮಾತಾಡದೆ ಟೂಲ್ ಬಿಚ್ಚಿ ಗ್ರೈಂಡರಿಗೆ ಹಿಡಿದರು.

ಈ ಮೂಲೆಯ ಜಗಳ ಬಹಳ ಹಳೆಯದು. 1842ರಲ್ಲಿ ವರ್ಸೈಯಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ ಆಕ್ಸಲ್ (ಚಕ್ರದ ಅಚ್ಚು) ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಮುರಿದ ಆಕ್ಸಲ್‌ಗಳನ್ನು ನೋಡಿ, ಬಿರುಕು ಸ್ಟೆಪ್ಪಿನ ಮೂಲೆಯಿಂದ ಒಳಗೆ ಬೆಳೆಯುತ್ತದೆ, ಅಲ್ಲಿ ದೊಡ್ಡ ತಿರುವು ಕೊಡಿ ಎಂದ. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ವೋಲರ್ ವರ್ಷಗಟ್ಟಲೆ ಆಕ್ಸಲ್ ತಿರುಗಿಸಿ, ಎಷ್ಟು ಹೊರೆಗೆ ಎಷ್ಟು ಸುತ್ತು ಬಾಳುತ್ತದೆ ಅಂತ ಲೆಕ್ಕ ಇಟ್ಟ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇವರಿಬ್ಬರೂ ನನಗೆ ಬರೀ ಹೆಸರುಗಳು.

ಸಂಜೆ ಹೊತ್ತಿಗೆ ಇಎನ್-8 ಅನ್ನುವ ಮಧ್ಯಮ ಕಾರ್ಬನ್ ಉಕ್ಕಿನ ಹೊಸ ಶಾಫ್ಟು ತಯಾರಾಯಿತು. ಮೂಲೆಯಲ್ಲಿ ಟೂಲಿನ ಗೆರೆ ಉಳಿಯದ ಹಾಗೆ ಎಮರಿ ಪೇಪರ್ ಹಿಡಿಯಿರಿ ಅಂತ ಬೇಡಿಕೊಂಡೆ. ಗೆರೆಯೂ ಒಂದು ಸಣ್ಣ ಮೂಲೆಯೇ ತಾನೆ? ಅಣ್ಣನಿಗೆ ಇದು ಸ್ವಲ್ಪ ಅತಿ ಅನ್ನಿಸಿದ್ದು ಮುಖದಲ್ಲೇ ಕಂಡಿತು. ಆದರೂ ಹಿಡಿದರು.

ಕೆಳಗಿನ ಎರಡು ರೋಲರಿನ ಶಾಫ್ಟುಗಳಲ್ಲೂ ಅದೇ ಚೂಪು ಮೂಲೆ ಇದೆ, ಅವನ್ನೂ ಈಗಲೇ ಬಿಚ್ಚಿಸಿ ನೋಡೋಣ ಅಂದೆ.

"ಓಡ್ತಾ ಇರದ್ನ ಯಾಕ್ಲಾ ಬಿಚ್ಚಾಣ? ಸೀಸನ್ ಮುಗೀಲಿ" ಅಂದರು ಮಾವ.