ಓಪನ್ ಆಗಿದೆ ಅಂತ ತೋರಿಸ್ತಿದೆ

"ಪತ್ರ ಓಪನ್ ಆಗಿದೆ ಅಂತ ತೋರಿಸ್ತಿದೆ ಅಮ್ಮ."

ಆಸ್ಪತ್ರೆಯ ಕೌಂಟರಿನ ಹುಡುಗಿ ಇದನ್ನು ಮೂರು ಸಲ ಹೇಳಿದಳು. ಮೂರು ಸಲವೂ ಮೆತ್ತಗೇ ಹೇಳಿದಳು. ನಮ್ಮಮ್ಮ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರು. "ನಾನು ಅದನ್ನು ಓದಿಲ್ಲವಲ್ಲ ಮಗಳೇ."

ಇದು ನಡೆದದ್ದು ಸೋಮವಾರ. ಇವತ್ತು ಶುಕ್ರವಾರ. ಆ ಎರಡು ಮಾತು ಇನ್ನೂ ಕಿವಿಯಲ್ಲೇ ಇವೆ.

ಅಮ್ಮ ತಿಂಡಿ ತಿಂದು ಬಂದಿದ್ದರು. ಅವತ್ತು ಇದ್ದದ್ದು ಎಂಡೋಸ್ಕೋಪಿ, ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಟೆಸ್ಟ್. ಅದಕ್ಕೆ ಮುಂಚೆ ಕನಿಷ್ಠ 6 ಗಂಟೆ ಏನೂ ತಿನ್ನಬಾರದು. ಹೊಟ್ಟೆಯಲ್ಲಿ ಆಹಾರ ಇದ್ದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರಂತೂ ಅಪಾಯ. ನರ್ಸ್ ಕೇಳಿದ ಮೊದಲ ಪ್ರಶ್ನೆಯೇ ಅದು. ಅಮ್ಮ ಇದ್ದದ್ದನ್ನು ಹೇಳಿದರು. ಟೆಸ್ಟ್ ಅಲ್ಲಿಗೇ ನಿಂತಿತು. ಎಷ್ಟೋ ವಾರ ಕಾದು ಸಿಕ್ಕಿದ್ದ ದಿನ ಅದು.

"ಪತ್ರದಲ್ಲಿ ಬರೆದಿತ್ತಲ್ವಾ?" ಎಂದು ಕೇಳಿದರು. ಯಾವ ಪತ್ರ ಎಂದು ಅಮ್ಮ ನನ್ನ ಮುಖ ನೋಡಿದರು. ಆಗಲೇ ಕೌಂಟರಿಗೆ ಹೋದದ್ದು.

ಪತ್ರ ತೆರೆದವಳು ನಾನು. ಅಮ್ಮನ ಹತ್ತಿರ ಇರುವುದು ಬಟನ್ ಫೋನು. ಫಾರಂ ತುಂಬುವಾಗ ಮೊಬೈಲ್ ನಂಬರ್ ಎಂಬ ಜಾಗದಲ್ಲಿ ನನ್ನ ನಂಬರ್ ಬರೆದಿದ್ದೆ. ಯಾರಾದರೂ ಹಾಗೇ ಮಾಡುತ್ತಾರೆ. ಒಂದು ಸಂಜೆ ಮೆಸೇಜ್ ಬಂತು. ಲಿಂಕ್ ಒತ್ತಿದೆ. ಅಮ್ಮನ ಹುಟ್ಟಿದ ದಿನ ಕೇಳಿತು, ಹಾಕಿದೆ. ತಾರೀಕು, ಸಮಯ ನೋಡಿದೆ. ಅಷ್ಟರಲ್ಲಿ ಯಾವುದೋ ಫೋನ್ ಬಂತು, ಮುಚ್ಚಿದೆ. ಉಪವಾಸದ ಮಾತು ಇದ್ದದ್ದು ಎರಡನೇ ಪುಟದಲ್ಲಿ. ನಾನು ಅಲ್ಲಿವರೆಗೆ ಹೋಗಲೇ ಇಲ್ಲ. ಅಮ್ಮನಿಗೆ ಹೇಳಿದ್ದು ತಾರೀಕು ಮಾತ್ರ.

ಕೌಂಟರಿನ ಹುಡುಗಿ ಅದು ಹೇಗೆ ನಡೆಯುತ್ತದೆ ಎಂದು ತಾಳ್ಮೆಯಿಂದ ಹೇಳಿದಳು. ಪತ್ರ ಮೊದಲು ಫೋನಿಗೆ ಹೋಗುತ್ತದೆ. ಮೂರು ದಿನ ಕಾಯುತ್ತಾರೆ. ಯಾರೂ ತೆರೆಯದಿದ್ದರೆ ಅದೇ ಪತ್ರ ತಾನಾಗಿಯೇ ಪ್ರಿಂಟ್ ಆಗಿ ಅಂಚೆಗೆ ಬೀಳುತ್ತದೆ. ತೆರೆದರೆ ಕಾಗದ ನಿಲ್ಲುತ್ತದೆ. ನಾನು ಒಂದು ನಿಮಿಷ ತೆರೆದು ಮುಚ್ಚಿದ್ದಕ್ಕೆ ಅಮ್ಮನ ಮನೆಗೆ ಬರಬೇಕಿದ್ದ ಕಾಗದ ಹುಟ್ಟಲೇ ಇಲ್ಲ.

ಆ ಹುಡುಗಿಯ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಅವಳ ಪರದೆಯಲ್ಲಿ ಇದ್ದದ್ದನ್ನೇ ಅವಳು ಹೇಳಿದಳು. ಮೂರನೇ ಸಲ ಹೇಳುವಾಗ ಅವಳ ದನಿಯೂ ಇಳಿದಿತ್ತು. ತಮ್ಮನ ಮೇಲೆ ಮಾತ್ರ ಸಿಟ್ಟಿದೆ. ವಿಷಯ ಕೇಳಿದ ಕೂಡಲೇ "ಅಮ್ಮನಿಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸೋಣ, ಎಲ್ಲ ಸರಿಹೋಗುತ್ತೆ" ಎಂದ. ಒಳ್ಳೆಯವನೇ. ಆದರೆ ಅಮ್ಮನ ಪಕ್ಕ ಕೂತು ಅವರು ಓದುವುದನ್ನು ಅವನು ಎಂದೂ ನೋಡಿಲ್ಲ. ಅವರು ಕಿಟಕಿ ಹತ್ತಿರ ಹೋಗುತ್ತಾರೆ. ಕನ್ನಡಕ ಒರೆಸುತ್ತಾರೆ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾರೆ. ಫೋನಿನ ಮೇಲೆ ಹಾಗೆ ಬೆರಳಿಟ್ಟರೆ ಪುಟವೇ ಸರಿದು ಹೋಗುತ್ತದೆ.

ಹಾಗಂತ ಬರೀ ಕಾಗದವೇ ಸಾಕು ಎನ್ನಲಾರೆ. ಹಿಂದೊಮ್ಮೆ ಟೆಸ್ಟ್ ದಿನ ಕಳೆದು ಎರಡು ದಿನಕ್ಕೆ ಲಕೋಟೆ ಬಂದಿತ್ತು. ದಿನ ಬದಲಾದರೆ ಫೋನು ಆ ಕ್ಷಣವೇ ಹೇಳುತ್ತದೆ. ಬರಲಾಗದವರು ಬೇಗ ತಿಳಿಸಿದರೆ ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ಕಣ್ಣು ಕಾಣದವರಿಗೆ ಫೋನು ಪತ್ರವನ್ನು ಓದಿ ಹೇಳಬಲ್ಲದು. ಕಾಗದಕ್ಕೆ ಅದಾಗದು. ಎರಡನ್ನೂ ಜೋಡಿಸಿದ್ದು ಒಳ್ಳೆಯ ಯೋಚನೆ. ನಾನು ಮನಸಾರೆ ಹೇಳುತ್ತಿದ್ದೇನೆ.

ತಪ್ಪಿದ್ದು ಜೋಡಿಸಿದ ಜಾಗದಲ್ಲಿ. ಅಮ್ಮನ ಹುಟ್ಟಿದ ದಿನ ಗೊತ್ತಿರುವ ಯಾರೋ ಒಬ್ಬರು ಪುಟ ತೆರೆದರು ಎನ್ನುವುದಷ್ಟೇ ಆ ಕಂಪ್ಯೂಟರಿಗೆ ಗೊತ್ತು. ಯಾರು ತೆರೆದರು, ಎಷ್ಟು ಓದಿದರು, ಅಮ್ಮನಿಗೆ ಹೇಳಿದರಾ? ಅದೊಂದೂ ಗೊತ್ತಿಲ್ಲ. ಆದರೂ ಅಂಚೆ ಬೇಡ ಎಂದು ತೀರ್ಮಾನಿಸಿತು.

ಮೆಸೇಜಿನಲ್ಲೇ ಉಪವಾಸ ಎಂದು ಬರೆಯಬಹುದಿತ್ತಲ್ಲ ಎಂದೂ ಯೋಚಿಸಿದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಲಿಪಿಗೆ 70 ಮಾತ್ರ. ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ಆಸ್ಪತ್ರೆ' ಎನ್ನುವ ಒಂದು ಪದಕ್ಕೇ 8 ಹೋಗುತ್ತದೆ. ಜೊತೆಗೆ ಕಾಯಿಲೆಯ ವಿಷಯ ಎಲ್ಲರ ಕಣ್ಣಿಗೆ ಬೀಳುವ ಮೆಸೇಜಿನಲ್ಲಿ ಇರಬಾರದು, ಅದೂ ಸರಿಯೇ. ಹಾಗಾಗಿ ಬರುವುದು ಒಂದು ಲಿಂಕ್ ಮಾತ್ರ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಹಿರಿಯರಿಗೆ ಹೇಳಿಕೊಟ್ಟವರೂ ನಾವೇ ಅಲ್ವಾ?

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2016ರಿಂದ ಒಂದು ನಿಯಮ ಇದೆ. ಅಂಗವೈಕಲ್ಯ ಇರುವವರು, ಕಣ್ಣು ಕಿವಿ ಮಂದವಾದವರು ಬಂದರೆ ನಿಮಗೆ ಮಾಹಿತಿ ಯಾವ ರೂಪದಲ್ಲಿ ಬೇಕು ಎಂದು ಕೇಳಬೇಕು. ಅದನ್ನು ದಾಖಲೆಯಲ್ಲಿ ಎದ್ದು ಕಾಣುವಂತೆ ಬರೆದಿಡಬೇಕು. ಹಾಗೆಯೇ ಕೊಡಬೇಕು. ಇಂಥದ್ದು ಎಲ್ಲ ರೋಗಿಗಳಿಗೂ ಇರಬೇಕು ಎಂದು ನನಗನಿಸುತ್ತದೆ. ನಮ್ಮನ್ನು ಕೇಳಿದ್ದು ನಂಬರ್ ಮಾತ್ರ. ಅದು ಯಾರ ನಂಬರ್ ಎಂದೂ ಕೇಳಲಿಲ್ಲ. ನಾನೂ ಅಮ್ಮನನ್ನು ಕೇಳಲಿಲ್ಲ.

ಈ ಕೊನೆಯದೇ ನನ್ನನ್ನು ಜಾಸ್ತಿ ಕಾಡುತ್ತಿದೆ. ಬ್ಯಾಂಕಿನದು, ಡಾಕ್ಟರದ್ದು, ಎಲ್ಲವೂ ಒಂದೊಂದಾಗಿ ನನ್ನ ಫೋನಿಗೆ ಬಂದುಬಿಟ್ಟಿವೆ. ಸಹಾಯ ಎಂದುಕೊಂಡೇ ಮಾಡಿದೆ. ಅಮ್ಮನ ಹೊಟ್ಟೆಯೊಳಗೆ ಏನಿದೆ ಎಂದು ಹೇಳುವ ರಿಪೋರ್ಟ್ ಕೂಡ ನಾಳೆ ಮೊದಲು ನನಗೇ ಬರುತ್ತಿತ್ತು. ಅವರಿಗೆ ಎಷ್ಟು ಹೇಳಬೇಕು ಎಂದು ನಾನೇ ಅಳೆಯುತ್ತಿದ್ದೆ. ಹಾಗೆ ಮಾಡು ಎಂದು ಅವರು ಯಾವತ್ತೂ ಹೇಳಿರಲಿಲ್ಲ.

ಸೋಮವಾರವೇ ಹೊಸ ದಿನ ಕೊಟ್ಟರು. ನನ್ನ ಫೋನಿಗೆ ಮೆಸೇಜ್ ಇರಲಿ, ತೆರೆದರೂ ತೆರೆಯದಿದ್ದರೂ ಕಾಗದ ಮನೆಗೆ ಬರಲಿ ಎಂದು ಬರೆಸಿದೆ. ಆ ಹುಡುಗಿ ಒಂದು ಚೌಕದಲ್ಲಿ ಗುರುತು ಹಾಕಿದಳು. ಅಷ್ಟೇ ಕೆಲಸ.

ಇವತ್ತು ಮಧ್ಯಾಹ್ನ ಲಕೋಟೆ ಬಂತು. ನಾನು ಕೈ ಚಾಚಿದೆ. ಅಮ್ಮ ಕೊಡಲಿಲ್ಲ. "ಇರು, ನಾನೇ ಓದಿ ಹೇಳ್ತೀನಿ" ಎಂದು ಕಿಟಕಿ ಹತ್ತಿರ ಹೋದರು. ಮೊದಲ ಪುಟ ಮುಗಿಸಿ, ಕಾಗದ ತಿರುಗಿಸಿ, ಎರಡನೇ ಪುಟಕ್ಕೆ ಬೆರಳಿಟ್ಟರು.