ಉತ್ತರಪತ್ರಿಕೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಓದಿದ ದಿನ

ಓಣಂ ರಜೆ ಮುಗಿದು ಶಾಲೆ ಮತ್ತೆ ತೆರೆದ ದಿನ ಮಧ್ಯಾಹ್ನ ನಮ್ಮಲ್ಲಿ ಅಧ್ಯಾಪಕರೆಲ್ಲ ಸೇರಿ ಮಕ್ಕಳ ಕಲಿಕೆಯನ್ನು ಚರ್ಚಿಸುವ ಎಸ್‌ಆರ್‌ಜಿ ಸಭೆಯಿತ್ತು. ಮೊದಲ ಪಾದವಾರ್ಷಿಕ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತರಗತಿಯ ಅಧ್ಯಾಪಕರೂ ಅಲ್ಲಿ ಮಂಡಿಸಬೇಕು. ಅದರ ಬೆನ್ನಿಗೇ ಹೆತ್ತವರನ್ನು ಕರೆದು ಕ್ಲಾಸ್ ಪಿಟಿಎ ನಡೆಸಬೇಕು. ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಎಲ್‌ಪಿ (ಕಿರಿಯ ಪ್ರಾಥಮಿಕ) ವಿಭಾಗವಾದ್ದರಿಂದ ಕನ್ನಡ, ಗಣಿತ, ಪರಿಸರ ಅಧ್ಯಯನ ಎಲ್ಲವೂ ನನ್ನ ಕೈಯಲ್ಲೇ ಇವೆ. ತರಗತಿಯಲ್ಲಿ 24 ಮಕ್ಕಳು. ಅವರ ಮನೆಗಳಲ್ಲಿ ಆಡುವ ಮಾತು ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ, ಹವ್ಯಕ ಕನ್ನಡ ಹೀಗೆ ಹಲವು. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಶಾಲೆಗೆ ಬಂದ ಮೇಲೆ ಕೈಗೆ ಸಿಕ್ಕ ಭಾಷೆ.

ಗಣಿತದಲ್ಲಿ ಯಾರಿಗೆ ಎ, ಯಾರಿಗೆ ಬಿ, ಯಾರಿಗೆ ಸಿ ಎಂದು ದಾಖಲೆ ಪುಸ್ತಕದಲ್ಲಿ ಬರೆದಾಗಿತ್ತು. ಆದರೆ ಆ ಅಕ್ಷರಗಳನ್ನು ಮುಂದಿಟ್ಟುಕೊಂಡು ಮರುದಿನ ಬೆಳಿಗ್ಗೆ ತರಗತಿಯಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಲು ಸಾಧ್ಯವಿರಲಿಲ್ಲ. ಒಂದೇ ಗ್ರೇಡ್ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ, ಅಳತೆ ಬರುವುದಿಲ್ಲ. ಇನ್ನೊಬ್ಬಳಿಗೆ ಅಳತೆ ಬರುತ್ತದೆ, ಕಳೆಯುವುದು ಬರುವುದಿಲ್ಲ. ಒಟ್ಟು ಅಂಕದಲ್ಲಿ ಇವೆರಡೂ ಕೂಡಿಹೋಗಿ ಇಬ್ಬರೂ ಒಂದೇ ಆಗಿ ಕಾಣುತ್ತಾರೆ. ಆದ್ದರಿಂದ ಸಭೆಗೆ ಮುಂಚೆ ಸಿಕ್ಕ ಬಿಡುವಿನಲ್ಲಿ ಒಂದು ದೊಡ್ಡ ಹಾಳೆಗೆ ಗೆರೆ ಎಳೆದು, ಎಡಬದಿಯಲ್ಲಿ ಮಕ್ಕಳ ಹೆಸರುಗಳನ್ನೂ ಮೇಲ್ಭಾಗದಲ್ಲಿ ಈ ಅವಧಿಯ ಕಲಿಕಾ ಗುರಿಗಳನ್ನೂ ಬರೆದೆ. ನಾಲ್ಕಂಕಿಯ ಸಂಖ್ಯೆಗಳ ಸ್ಥಾನಬೆಲೆ, ದಶಕ ತೆಗೆದು (ಪಕ್ಕದ ಸ್ಥಾನದಿಂದ ಸಾಲ ತಂದು) ಕಳೆಯುವುದು, ನಡುವೆ ಸೊನ್ನೆಗಳಿರುವ ಸಂಖ್ಯೆಯಿಂದ ಕಳೆಯುವುದು, ಎರಡು ಹಂತದ ಮಾತಿನ ಲೆಕ್ಕ, ಗಡಿಯಾರ ನೋಡುವುದು ಇತ್ಯಾದಿ. ಪ್ರಶ್ನೆಯ ಕ್ರಮಸಂಖ್ಯೆಯನ್ನು ಬಿಟ್ಟು ಆ ಪ್ರಶ್ನೆ ಯಾವ ಗುರಿಯನ್ನು ಪರೀಕ್ಷಿಸುತ್ತದೆಯೋ ಅದರ ಕೆಳಗೆ ಪ್ರತಿ ಮಗುವಿನ ಉತ್ತರವನ್ನು ಗುರುತಿಸುತ್ತ ಹೋದೆ. ಅಂಕವನ್ನು ಬರೆಯಲಿಲ್ಲ. ತಪ್ಪಾಗಿದ್ದಲ್ಲಿ ಮಗು ಬರೆದ ತಪ್ಪು ಉತ್ತರವನ್ನೇ ಸಣ್ಣ ಅಕ್ಷರದಲ್ಲಿ ಬರೆದಿಟ್ಟೆ. ಆ ಹಾಳೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಹಾಳೆಯನ್ನು ಅಡ್ಡಕ್ಕೆ ಓದಿದರೆ ಒಂದು ಮಗು ಎಲ್ಲಿದೆ ಎಂದು ತಿಳಿಯುತ್ತದೆ, ಉದ್ದಕ್ಕೆ ಓದಿದರೆ ಒಂದು ಪಾಠ ತರಗತಿಯಲ್ಲಿ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯುತ್ತದೆ. ಮಗುವಿನ ಸಾಲಿನಲ್ಲಿ ಖಾಲಿ ಮನೆಗಳಿದ್ದರೆ ಆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಕಂಬಸಾಲೊಂದು ಮೇಲಿನಿಂದ ಕೆಳಗಿನವರೆಗೆ ಖಾಲಿಯಿದ್ದರೆ ಪಾಠವನ್ನೇ ಮತ್ತೆ ತೆಗೆದುಕೊಳ್ಳಬೇಕು, ಇಲ್ಲವೇ ಪ್ರಶ್ನೆಯನ್ನೇ ಅನುಮಾನಿಸಬೇಕು. ಗಡಿಯಾರದ ಕಂಬಸಾಲು ಹಾಗೆಯೇ ಇತ್ತು. ಉಳಿದೆಲ್ಲವನ್ನೂ ಸರಿಯಾಗಿ ಬರೆದ ಮಕ್ಕಳೂ ಅದರಲ್ಲಿ ತಪ್ಪಿದ್ದರು. ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಿದರೆ ಗಡಿಯಾರದ ಚಿತ್ರ ಮಸುಕಾಗಿ ಅಚ್ಚಾಗಿದ್ದು, ಗಂಟೆಯ ಮುಳ್ಳು ಯಾವುದು ನಿಮಿಷದ ಮುಳ್ಳು ಯಾವುದು ಎಂದು ನನಗೂ ಹೇಳಲಾಗಲಿಲ್ಲ. ಆ ಕಂಬಸಾಲನ್ನು ಲೆಕ್ಕದಿಂದ ಬಿಟ್ಟು, ಆಫೀಸಿನ ಗೋಡೆಯ ಗಡಿಯಾರವನ್ನು ತರಿಸಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದೆ. ಹೆಚ್ಚಿನವರು ತಡವರಿಸದೆ ಹೇಳಿದರು.

ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಸೊನ್ನೆಗಳ ಕಂಬಸಾಲು. ಲೆಕ್ಕ 5003ರಿಂದ 1476ನ್ನು ಕಳೆಯುವುದು, ಸರಿಯುತ್ತರ 3527. ಇದನ್ನು ಸರಿಯಾಗಿ ಬರೆದವರು 7 ಮಂದಿ. ಇಬ್ಬರು ಏನೂ ಬರೆದಿರಲಿಲ್ಲ, ಇಬ್ಬರದು ಕೈತಪ್ಪು. ಉಳಿದ 13 ಮಂದಿಯಲ್ಲಿ 6 ಮಂದಿ 4473 ಎಂದು ಬರೆದಿದ್ದರು, 7 ಮಂದಿ 3637 ಎಂದು ಬರೆದಿದ್ದರು. ಅಂಕಪಟ್ಟಿಯ ಪ್ರಕಾರ ಈ 13 ಮಂದಿಗೂ ಸಿಕ್ಕಿದ್ದು ಸೊನ್ನೆಯೇ. ಆದರೆ 4473ಕ್ಕೂ 3637ಕ್ಕೂ ನಡುವೆ ಇರುವ ಅಂತರ ಬಹಳ ದೊಡ್ಡದು.

4473 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕೆಯಿಂದ ಸಣ್ಣ ಅಂಕೆಯನ್ನು ಕಳೆದಿದೆ. 3ರಿಂದ 6 ಹೋಗುವುದಿಲ್ಲವಾದ್ದರಿಂದ 6ರಿಂದ 3ನ್ನು ಕಳೆದು 3 ಎಂದು ಬರೆದಿದೆ. 0ಯ ಕೆಳಗಿನ 7ನ್ನೂ 4ನ್ನೂ ಹಾಗೆಯೇ ಇಳಿಸಿದೆ. ಇದು ಸೊನ್ನೆಯ ಸಮಸ್ಯೆಯಲ್ಲ, ದಶಕ ತೆಗೆಯುವುದೇ ಆ ಮಗುವಿಗೆ ದಕ್ಕಿಲ್ಲ. ಅದೇ ಹಾಳೆಯಲ್ಲಿ ಹಿಂದಿನ ಕಂಬಸಾಲನ್ನು ನೋಡಿದಾಗ ಇದು ಖಚಿತವಾಯಿತು: ಸೊನ್ನೆಯೇ ಇಲ್ಲದ 4682ರಿಂದ 1357ನ್ನು ಕಳೆಯುವ ಲೆಕ್ಕದಲ್ಲೂ ಈ ಆರರಲ್ಲಿ ಐವರು 3325ರ ಬದಲು 3335 ಎಂದೇ ಬರೆದಿದ್ದರು. 3637 ಎಂದು ಬರೆದ ಮಗು ಇದಕ್ಕಿಂತ ಎಷ್ಟೋ ಮುಂದಿದೆ. ಸಾವಿರದ ಸ್ಥಾನದಿಂದ ಒಂದನ್ನು ತೆಗೆಯಬೇಕೆಂದು ಅದಕ್ಕೆ ಗೊತ್ತು, 5ನ್ನು 4 ಮಾಡಿದೆ, ಸೊನ್ನೆಗಳನ್ನು 10 ಮಾಡಿದೆ. ಆದರೆ ನೂರರ ಸ್ಥಾನದ ಹತ್ತರಿಂದ ಒಂದನ್ನು ಹತ್ತರ ಸ್ಥಾನಕ್ಕೂ, ಅಲ್ಲಿಂದ ಒಂದನ್ನು ಬಿಡಿ ಸ್ಥಾನಕ್ಕೂ ಕೊಟ್ಟ ಮೇಲೆ ಎರಡೂ ಕಡೆ 9 ಉಳಿಯಬೇಕು ಎಂಬ ಒಂದು ಹೆಜ್ಜೆ ತಪ್ಪಿಹೋಗಿದೆ. ಈ ಎರಡು ಗುಂಪುಗಳನ್ನು ಒಟ್ಟಿಗೆ ಕೂರಿಸಿ ಒಂದೇ ರೀತಿಯ ಹತ್ತು ಲೆಕ್ಕಗಳನ್ನು ಮಾಡಿಸಿದರೆ ಮೊದಲ ಗುಂಪಿಗೆ ಏನೂ ಅರ್ಥವಾಗುವುದಿಲ್ಲ, ಎರಡನೆಯ ಗುಂಪಿನ ಹೊತ್ತು ಹಾಳಾಗುತ್ತದೆ. ಪರಿಹಾರ ಬೋಧನೆ ಎಂಬ ಹೆಸರಿನಲ್ಲಿ ನಡೆಯುವ ಎಷ್ಟೋ ಶ್ರಮ ಫಲ ಕೊಡದಿರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಮಾತಿನ ಲೆಕ್ಕದ ಕಂಬಸಾಲು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಗ್ರಂಥಾಲಯದಲ್ಲಿ 1240 ಪುಸ್ತಕಗಳಿದ್ದವು, ಹೊಸದಾಗಿ 185 ಬಂದವು, ಹರಿದುಹೋದ 96 ಪುಸ್ತಕಗಳನ್ನು ತೆಗೆದಿರಿಸಿದರು, ಈಗ ಉಳಿದವು ಎಷ್ಟು ಎಂಬುದು ಪ್ರಶ್ನೆ. 8 ಮಂದಿ 1329 ಎಂದು ಸರಿಯಾಗಿ ಬರೆದಿದ್ದರು. 7 ಮಂದಿ 1425ಕ್ಕೆ ನಿಂತಿದ್ದರು. 9 ಮಂದಿ ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಜಾಗವನ್ನು ನೋಡಿ ಮಗುವಿಗೆ ಗಣಿತ ಬರುವುದಿಲ್ಲ ಎಂದು ಬರೆದುಬಿಡುವುದು ಸುಲಭ, ಆದರೆ ಅದಕ್ಕೆ ಆಧಾರವಿಲ್ಲ. ಕಾಗದದ ಮೇಲಿನ ಮಾಹಿತಿ ಅಲ್ಲಿಗೆ ಮುಗಿಯುತ್ತದೆ. ಮುಂದಿನದನ್ನು ಮಗುವಿನ ಬಾಯಿಂದಲೇ ಕೇಳಬೇಕು.

ಆದ್ದರಿಂದ ಆ ಒಂಬತ್ತು ಮಂದಿಯನ್ನು ಊಟದ ಬಿಡುವಿನ ಕೊನೆಯಲ್ಲಿ ಒಬ್ಬೊಬ್ಬರಾಗಿ ಕರೆದು ಅದೇ ಲೆಕ್ಕವನ್ನು ಅವರ ಮನೆಮಾತಿನಲ್ಲಿ ಕಥೆಯಂತೆ ಹೇಳಿದೆ. ತುಳು ಮತ್ತು ಮಲಯಾಳ ನನಗೆ ಬರುತ್ತವೆ. ಬ್ಯಾರಿ ಮಾತಾಡುವ ಹುಡುಗಿಗೆ ಅವಳ ಬೆಂಚಿನ ಗೆಳತಿಯಿಂದ ಹೇಳಿಸಿದೆ. ಒಂಬತ್ತರಲ್ಲಿ ಆರು ಮಂದಿ ಮೊದಲು ಕೂಡಿಸಬೇಕು, ಆಮೇಲೆ ಕಳೆಯಬೇಕು ಎಂದು ತಾವಾಗಿಯೇ ಹೇಳಿ ಲೆಕ್ಕ ಮಾಡಿದರು. ಇವರ ಕೊರತೆ ಇದ್ದುದು ಗಣಿತದಲ್ಲಿ ಅಲ್ಲ, ಮೂರು ಸಾಲು ಕನ್ನಡವನ್ನು ಓದಿ ಅರ್ಥವನ್ನು ಕೂಡಿಸಿಕೊಳ್ಳುವುದರಲ್ಲಿ. 1425ಕ್ಕೆ ನಿಂತ ಏಳು ಮಂದಿಯನ್ನು ಕೇಳಿದಾಗ ನಾಲ್ವರು ಮೂರನೆಯ ಸಾಲನ್ನು ಓದಿಯೇ ಇರಲಿಲ್ಲ. ಎರಡು ಸಂಖ್ಯೆ ಕಂಡ ಕೂಡಲೇ ಲೆಕ್ಕಕ್ಕೆ ಇಳಿದಿದ್ದರು. ಗಣಿತದ ಗ್ರೇಡಿನಲ್ಲಿ ಅಡಗಿಕೊಂಡಿದ್ದ ಈ ಓದಿನ ಕೊರತೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಬಹಳ ಕಡೆ ಇರುವುದೆಂದು ಇಲ್ಲಿ ಕಲಿಸುವ ಯಾರೂ ಹೇಳಬಲ್ಲರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಮಗು ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ತರಗತಿಯಲ್ಲಿ ಒಂದು ಭಾಷೆಯ ನಡುವೆ ಬೆಳೆಯುತ್ತದೆ. ಅದು ಮಗುವಿನ ಸಂಪತ್ತೇ ಹೌದು. ಆದರೆ ನಾವು ಅಳೆಯುವಾಗ ಯಾವುದನ್ನು ಅಳೆಯುತ್ತಿದ್ದೇವೆ ಎಂಬ ಎಚ್ಚರ ನಮಗಿರಬೇಕು.

ಸಭೆಯಲ್ಲಿ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಮೂರನೆಯ ತರಗತಿಯ ಮಾಸ್ಟ್ರು ಅದನ್ನು ಬಹಳ ಹೊತ್ತು ನೋಡಿ, "ಟೀಚರೇ, ಈ ಆರು ಮಂದಿಗೆ ದಶಕ ತೆಗೆಯುವುದು ಹೋದ ವರ್ಷ ನನ್ನ ತರಗತಿಯಲ್ಲಿ ಕಡ್ಡಿಗಳ ಕಟ್ಟು ಇಟ್ಟರೆ ಬರುತ್ತಿತ್ತು, ಕಾಗದದಲ್ಲಿ ಬರುತ್ತಿರಲಿಲ್ಲ" ಎಂದರು. ಒಂದು ವರ್ಷದ ಹಿಂದಿನ ಈ ತಿಳಿವಳಿಕೆ ಯಾವ ದಾಖಲೆಯಲ್ಲೂ ಇರಲಿಲ್ಲ. ಹೆಡ್ ಮಾಸ್ಟ್ರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಇಷ್ಟೆಲ್ಲ ಬರೆಯಲು ಪುರುಸೊತ್ತು ಎಲ್ಲಿಂದ ಬರಬೇಕು?" ಎಲ್ಲ ವಿಷಯಗಳಿಗೂ, ಎಲ್ಲ ಘಟಕಗಳಿಗೂ ಹೀಗೆ ಬರೆಯಲು ಆಗುವುದಿಲ್ಲ ಎಂದೇ ನಾನೂ ಹೇಳಿದೆ. ಮುಂದಿನ ಪಾಠ ಯಾವ ಗುರಿಯ ಮೇಲೆ ನಿಲ್ಲಬೇಕೋ ಅಂಥ ಎರಡು ಮೂರನ್ನು ಮಾತ್ರ ಆರಿಸಿಕೊಳ್ಳಬೇಕು. ಸೊನ್ನೆ ದಾಟಿ ಕಳೆಯುವುದು ಬರದಿದ್ದರೆ ಐದನೆಯ ತರಗತಿಯಲ್ಲಿ ದೀರ್ಘ ಭಾಗಾಕಾರ ನಡುವೆಯೇ ಮುರಿದು ಬೀಳುತ್ತದೆ. ಕೇರಳದಲ್ಲಿ 2024-25ರಿಂದ ಎಂಟನೆಯ ತರಗತಿಯ ವಾರ್ಷಿಕ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇಕಡಾ 30 ಅಂಕ ಬೇಕೆಂಬ ನಿಯಮ ಬಂದಿದೆ. ಅಷ್ಟು ಬಾರದ ಮಕ್ಕಳಿಗೆ ಬೇಸಿಗೆ ರಜೆಯ ಆರಂಭದಲ್ಲಿ ವಿಶೇಷ ತರಗತಿ, ಆಮೇಲೆ ಮರುಪರೀಕ್ಷೆ. ಎಂಟರಲ್ಲಿ ಕಾಣಿಸಿಕೊಳ್ಳುವ ಆ ಕೊರತೆಗಳಲ್ಲಿ ಎಷ್ಟೋ ನಾಲ್ಕರಲ್ಲೇ ಹೆಸರು ಹಿಡಿದು ಗುರುತಿಸಬಹುದಾದವು.

2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾಗಲಿ, 2024ರ ಡಿಸೆಂಬರ್ 4ರಂದು ಮೂರು, ಆರು, ಒಂಬತ್ತನೆಯ ತರಗತಿಗಳಲ್ಲಿ ನಡೆದ ಪರಖ್ ರಾಷ್ಟ್ರೀಯ ಸಮೀಕ್ಷೆಯಾಗಲಿ ಈ ಕೆಲಸವನ್ನು ಮಾಡಿಕೊಡುವುದಿಲ್ಲ. ಅವು ಆಯ್ದ ಶಾಲೆಗಳ ಆಯ್ದ ಮಕ್ಕಳ ಮೂಲಕ ಜಿಲ್ಲೆ ಮತ್ತು ರಾಜ್ಯದ ಸ್ಥಿತಿಯನ್ನು ತೋರಿಸುತ್ತವೆ. ನನ್ನ ತರಗತಿಯ ಮೂರನೆಯ ಬೆಂಚಿನ ಹುಡುಗ ಸೊನ್ನೆಯನ್ನು ಏನು ಮಾಡುತ್ತಾನೆ ಎಂಬುದು ಅವನ ಅಧ್ಯಾಪಕರಿಗೆ ಮಾತ್ರ ತಿಳಿಯಬಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿನ ತಿಳಿವಳಿಕೆಯ ಸಮಗ್ರ ಮತ್ತು ನಿರಂತರ ಮೌಲ್ಯಮಾಪನವನ್ನು ಹೇಳಿದೆ. ಅದರಲ್ಲಿ ನಿರಂತರ ಎಂಬ ಭಾಗ ನಮ್ಮ ಕೈಯಲ್ಲೇ ಇದೆ.

ಮುಂದಿನ ಎರಡು ವಾರ 3637ರ ಗುಂಪಿಗೆ ಕಾಗದದಲ್ಲಿ ಕತ್ತರಿಸಿದ 1000, 100, 10, 1 ರೂಪಾಯಿಗಳನ್ನು ಕೊಟ್ಟೆ. ಕೈಯಲ್ಲಿ ಸಾವಿರದ ಐದು ನೋಟು, ಮೂರು ಬಿಡಿ ನಾಣ್ಯ, ಕೊಡಬೇಕಾದದ್ದು 1476. ಅದಕ್ಕೂ ಮೊದಲು ಅವರು ಪರೀಕ್ಷೆಯಲ್ಲಿ ಬರೆದ ಉತ್ತರವನ್ನು 1476ಕ್ಕೆ ಕೂಡಿಸಿ ನೋಡಲು ಹೇಳಿದೆ. 5003ರ ಬದಲು 5113 ಬಂತು. 110 ಹೆಚ್ಚಾಗಿ ಎಲ್ಲಿಂದ ಬಂತು ಎಂದು ಕೇಳಿದಾಗ ನೋಟುಗಳನ್ನು ಸಾವಿರದಿಂದ ನೂರಕ್ಕೆ, ನೂರರಿಂದ ಹತ್ತಕ್ಕೆ ಬದಲಿಸುತ್ತಿದ್ದ ಹುಡುಗಿಯೊಬ್ಬಳು, "ಟೀಚರ್, ನೂರರ ಒಂದು ನೋಟು, ಹತ್ತರ ಒಂದು ನೋಟು ಚಿಲ್ಲರೆಗೆ ಕೊಟ್ಟಾಗಿದೆ. ನಾವು ಅದನ್ನು ಕೈಯಲ್ಲೇ ಇದೆ ಎಂದು ಲೆಕ್ಕ ಹಾಕಿದ್ದೇವೆ" ಎಂದಳು. ಆ ತಪ್ಪನ್ನು ಅದಕ್ಕಿಂತ ಸ್ಪಷ್ಟವಾಗಿ ನಾನು ವಿವರಿಸಲಾರೆ. ಇನ್ನೊಂದು ಗುಂಪು ನಾಲ್ಕಂಕಿಯನ್ನು ಬದಿಗಿಟ್ಟು 52ರಿಂದ 27ನ್ನು ಕಳೆಯುವಲ್ಲಿಂದ, ಮಾಸ್ಟ್ರು ಹೇಳಿದ ಕಡ್ಡಿಗಳ ಕಟ್ಟಿನಿಂದಲೇ ಶುರುಮಾಡಿತು; ಒಂದು ಕಟ್ಟು ಬಿಚ್ಚಿದ ಕೂಡಲೇ ಅದನ್ನು ಕಾಗದದಲ್ಲೂ ಬರೆಯಬೇಕು ಎಂಬುದಷ್ಟೇ ಹೊಸ ನಿಯಮ. ಮಾತಿನ ಲೆಕ್ಕಗಳನ್ನು ಗಣಿತದ ಪೀರಿಯಡಿನಿಂದ ಕನ್ನಡದ ಪೀರಿಯಡಿಗೆ ತಂದೆ. ಅಲ್ಲಿ ಉತ್ತರ ಕೇಳುವುದಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ನಡೆದದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಆಮೇಲೆ ಕನ್ನಡದಲ್ಲಿ ಹೇಳಬೇಕು.

ಎರಡು ವಾರ ಕಳೆದ ಮೇಲೆ ಶಾಲೆ ಬಿಡುವ ಮುಂಚೆ ಸಣ್ಣ ಚೀಟಿಗಳನ್ನು ಕೊಟ್ಟು ಎರಡು ಲೆಕ್ಕ ಬರೆಸಿದೆ: 7004ರಿಂದ 2358, 6002ರಿಂದ 1837. ಒಂದೇ ಪ್ರಶ್ನೆಯನ್ನು ನಂಬಿ ತೀರ್ಮಾನಿಸಬಾರದೆಂದು ಎರಡು. 3637ರ ಏಳು ಮಂದಿಯಲ್ಲಿ ಆರು ಮಂದಿ ಎರಡನ್ನೂ ಸರಿಯಾಗಿ ಮಾಡಿದರು. ಇನ್ನೊಂದು ಗುಂಪಿನ ಆರರಲ್ಲಿ ಮೂವರು ಸೊನ್ನೆಯಿಲ್ಲದ ಲೆಕ್ಕಗಳನ್ನು ಮಾಡಬಲ್ಲವರಾಗಿದ್ದರು, ಸೊನ್ನೆಯ ಲೆಕ್ಕಕ್ಕೆ ಇನ್ನೂ ಬಂದಿರಲಿಲ್ಲ. ಮಾತಿನ ಲೆಕ್ಕದಲ್ಲಿ ಪ್ರಗತಿ ನಿಧಾನ. ಓದು ಎರಡು ವಾರಗಳಲ್ಲಿ ಬರುವಂಥದ್ದಲ್ಲ.

ಕ್ಲಾಸ್ ಪಿಟಿಎಯಲ್ಲಿ ಈ ಹಾಳೆಯನ್ನು ನಾನು ಗೋಡೆಗೆ ಅಂಟಿಸಲಿಲ್ಲ, ಮುಂದೆಯೂ ಅಂಟಿಸುವುದಿಲ್ಲ. ಯಾರ ಸಾಲು ಖಾಲಿ ಎಂದು ಊರೆಲ್ಲ ನೋಡಿದರೆ ಮಗುವಿಗೆ ಹೆಸರು ಬೀಳುತ್ತದೆಯೇ ಹೊರತು ಕಳೆಯುವ ಲೆಕ್ಕ ಬರುವುದಿಲ್ಲ. ಪ್ರತಿ ಮನೆಯವರಿಗೆ ಅವರ ಮಗುವಿನ ಸಾಲನ್ನು ಮಾತ್ರ ತೋರಿಸಿದೆ. ಬೀಡಿ ಕಟ್ಟುವ ತಾಯಿಯೊಬ್ಬರು, "ನನ್ನ ಮಗ ಹಿಂದೆಯೇ ಅಲ್ಲವಾ ಟೀಚರೇ?" ಎಂದು ಕೇಳಿದರು. ಅವನಿಗೆ ಬರುವ ಐದು ಸಂಗತಿಗಳನ್ನು ಮೊದಲು ಓದಿ ಹೇಳಿ, ಬಾರದ ಒಂದನ್ನು ತೋರಿಸಿ, ಬೀಡಿಯ ಕಟ್ಟುಗಳನ್ನು ಎಣಿಸುವಾಗ ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕಟ್ಟು ಬಿಚ್ಚಿ ಎಷ್ಟು ಉಳಿಯಿತೆಂದು ಕೇಳಿ ಎಂದೆ. ಅದು ತಮ್ಮಿಂದ ಆಗುವ ಕೆಲಸ ಎಂದು ಅವರು ಕೂಡಲೇ ಒಪ್ಪಿಕೊಂಡರು.

ಕ್ರಿಸ್ಮಸ್ ಪರೀಕ್ಷೆಗೆ ಮುಂಚೆ ಹಾಳೆಯಲ್ಲಿ ಒಂದು ಬದಲಾವಣೆ ಮಾಡಲಿದ್ದೇನೆ. ಮಾತಿನ ಲೆಕ್ಕದ ಕಂಬಸಾಲನ್ನು ಎರಡಾಗಿ ಸೀಳಿ, ಓದಿ ಮಾಡಿದ್ದು ಒಂದು ಕಡೆ, ಕೇಳಿ ಮಾಡಿದ್ದು ಇನ್ನೊಂದು ಕಡೆ ಬರೆಯುತ್ತೇನೆ. ಮಾರ್ಚ್ ತಿಂಗಳಲ್ಲಿ ಮಕ್ಕಳ ಜೊತೆಗೆ ಈ ಹಾಳೆಯೂ ಐದನೆಯ ತರಗತಿಯ ಟೀಚರ ಕೈಗೆ ಹೋಗುವಂತೆ ಎಸ್‌ಆರ್‌ಜಿ ಪುಸ್ತಕದಲ್ಲಿ ನಿರ್ಣಯ ಬರೆಸಿಯಾಗಿದೆ. ಮೂರನೆಯ ತರಗತಿಯ ಮಾಸ್ಟ್ರು ಈ ವರ್ಷದ ತಮ್ಮ ಹಾಳೆಗೆ ಈಗಾಗಲೇ ಗೆರೆ ಎಳೆದಿದ್ದಾರೆ.